ಜಟ್ಟಿ, ಟೀವಿ ಮತ್ತು ನ್ಯೂಜೆರ್ಸಿಯ ಸೆನೆಟ್

ಈ ಸಲದ ಸಂಕ್ರಾಂತಿ ಕೂಟಕ್ಕೆ ಬಂದಿದ್ದವರಿಗೆ ನೆನಪಿರಬಹುದು. ಬಿಸಿಬೇಳೆಭಾತು ಖಾಲಿಯಾಗಿ, ಹಾಡುಗಾರಿಕೆ ಇನ್ನೂ ಶುರುವಾಗದ ಆ ಅರ್ಧ ಗಂಟೆಯಲ್ಲಿ ಹಿಂದಿನ ಮೇಜಿನ ಸುತ್ತ ದೊಡ್ಡ ವಾಗ್ಯುದ್ಧವೇ ಎದ್ದಿತ್ತು. ವಿಷಯ ಸಂಘದ ಲೆಕ್ಕಪತ್ರವಲ್ಲ, ಚುನಾವಣೆಯೂ ಅಲ್ಲ. ಟೀವಿಯಲ್ಲಿ ಬರುವ ರೆಸ್ಲಿಂಗು ಕ್ರೀಡೆಯೋ, ಬರೀ ಮನರಂಜನೆಯೋ ಎಂಬುದು! "ಎಲ್ಲ ಮೋಸ ಕಣ್ರೀ, ಮೊದಲೇ ಮಾತಾಡ್ಕೊಂಡು ಹೊಡೆದಾಡ್ತಾರೆ" ಎಂದು ಹಿರಿಯರೊಬ್ಬರು ತೀರ್ಪು ಕೊಟ್ಟರು. "ಅಂಕಲ್, ಅಷ್ಟೆತ್ತರದಿಂದ ನೀವು ಒಂದ್ಸಲ ಬಿದ್ದು ತೋರಿಸಿ" ಎಂದ ಹೈಸ್ಕೂಲ್ ಹುಡುಗ. ನಡುವೆ ನಾವಿಬ್ಬರೂ ಬಾಯಿ ಹಾಕಿದೆವು. ಅದರ ಫಲವಾಗಿ ಸಂಪಾದಕರು "ಅಷ್ಟು ಮಾತಾಡಿದವರು ಎರಡು ಪುಟ ಬರೆದೂ ಕೊಡಿ" ಎಂದು ಬೆನ್ನು ಹತ್ತಿದರು.

ಮೊದಲಿಗೆ ಒಂದು ಮಾತು. ಈ ಪ್ರಶ್ನೆ ಕನ್ನಡದಲ್ಲಿ ಕೇಳುವುದೇ ಕಷ್ಟ. ಕ್ರಿಕೆಟ್ಟೂ ನಮಗೆ ಆಟ, ಬಯಲಾಟವೂ ಆಟ, ಸಿನಿಮಾ ಟಾಕೀಸಿನಲ್ಲಿ ಮ್ಯಾಟಿನಿಯೂ ಒಂದು ಆಟವೇ. ರಾತ್ರಿಯೆಲ್ಲ ಕೂತು ಯಕ್ಷಗಾನ ನೋಡುವವರಾರೂ ಗದಾಯುದ್ಧದಲ್ಲಿ ಕೊನೆಗೆ ಯಾರು ಬೀಳುತ್ತಾರೆಂದು ತಿಳಿಯಲು ಕೂತಿರುವುದಿಲ್ಲ. ದುರ್ಯೋಧನ ಬೀಳುವುದು ಗೊತ್ತಿದ್ದೂ ಬೆಳಗಿನ ಜಾವದವರೆಗೆ ಕಣ್ಣು ಮಿಟುಕಿಸದೆ ಕೂರುತ್ತಾರೆ. ಹಾಗಾಗಿ "ಫಲಿತಾಂಶ ಮೊದಲೇ ನಿಶ್ಚಯ, ಆದ್ದರಿಂದ ಮೋಸ" ಎನ್ನುವ ವಾದ ನಮಗೆ ಎಂದೂ ಅಷ್ಟು ದೊಡ್ಡದೆನಿಸಿಲ್ಲ.

ಆದರೆ ನಮ್ಮ ಮನೆಯಲ್ಲಿ ಇದನ್ನು ಒಪ್ಪದವರೊಬ್ಬರಿದ್ದರು. ನಮ್ಮಲ್ಲಿ ಒಬ್ಬರಿಗೆ ತಂದೆ, ಇನ್ನೊಬ್ಬರಿಗೆ ಮಾವ. ಮೈಸೂರಿನ ರೂಢಿಯಂತೆ ಮನೆಮಂದಿಯೆಲ್ಲ ಕರೆಯುತ್ತಿದ್ದುದು "ಅಣ್ಣ" ಎಂದೇ. ಪ್ರಾಯದಲ್ಲಿ ಗರಡಿಮನೆಯಲ್ಲಿ ಸಾಮು ಮಾಡಿದವರು. ಬೇಸಿಗೆಗೆ ನ್ಯೂಜೆರ್ಸಿಗೆ ಬಂದಾಗಲೆಲ್ಲ ಮಗನ ಜೊತೆ ಸೋಫಾದಲ್ಲಿ ಕೂತು ಹಲ್ಕ್ ಹೋಗನ್ನನ ಕುಸ್ತಿ ನೋಡುತ್ತಿದ್ದರು. ನೋಡುತ್ತ ನೋಡುತ್ತ ಬೈಯುತ್ತಿದ್ದರು. ಅವರ ಲೆಕ್ಕದಲ್ಲಿ ಕುಸ್ತಿಯೆಂದರೆ ಎಣ್ಣೆ, ಮಜ್ಜಿಗೆ, ಅರಿಸಿನ ಹಾಕಿ ಹದ ಮಾಡಿದ ಕೆಮ್ಮಣ್ಣು. ಬೆನ್ನು ಮಣ್ಣಿಗೆ ತಾಗಿ ಚಿತ್ ಆದರೆ ಮುಗಿಯಿತು, ಮಾತಿಲ್ಲ. "ಇಲ್ಲಿ ಜಟ್ಟಿ ಕೆಳಗೆ ಬಿದ್ದರೆ ಮೀಸೆ ಮಣ್ಣಾಗೋಕೆ ಮಣ್ಣೇ ಇಲ್ವಲ್ಲೋ" ಎಂದು ಮಗನನ್ನು ಛೇಡಿಸುತ್ತಿದ್ದರು. ಇಷ್ಟಾದರೂ ಒಂದು ವಾರ ತಪ್ಪಿಸಿದವರಲ್ಲ. ನಮ್ಮವರೇ ಆದ ದಾರಾಸಿಂಗ್ ಮತ್ತು ಕಿಂಗ್‌ಕಾಂಗ್ ಸೆಣಸಾಟಗಳೂ ಇದೇ ಜಾತಿಯವಲ್ಲವೇ ಎಂದರೆ ಮಾತ್ರ ಅವರಿಗೆ ಸಿಟ್ಟು ಬರುತ್ತಿತ್ತು. ದಾರಾಸಿಂಗ್ ರಾಮಾಯಣ ಧಾರಾವಾಹಿಯಲ್ಲಿ ಹನುಮಂತನಾದ ಮೇಲಂತೂ ಆ ಮಾತು ಎತ್ತುವಂತೆಯೇ ಇರಲಿಲ್ಲ.

ನ್ಯೂಜೆರ್ಸಿಯಲ್ಲಿ ಇರುವ ನಮಗೆ ಈ ವಿಷಯದಲ್ಲಿ ಒಂದು ವಿಶೇಷ ಹಕ್ಕಿದೆ. ಈ ಗುಟ್ಟು ಬಯಲಾದದ್ದೇ ನಮ್ಮ ರಾಜ್ಯದಲ್ಲಿ, ಅದೂ ಎರಡೆರಡು ಸಲ.

ಮೊದಲನೆಯದು 1987ರ ಮೇ ತಿಂಗಳಲ್ಲಿ. ಗಾರ್ಡನ್ ಸ್ಟೇಟ್ ಪಾರ್ಕ್‌ವೇ ರಸ್ತೆಯಲ್ಲಿ ಪೊಲೀಸರು ಒಂದು ಕಾರನ್ನು ನಿಲ್ಲಿಸಿದರು. ಒಳಗೆ ಇದ್ದವರು ಅಮೆರಿಕದ ಬಾವುಟ ಬೀಸುತ್ತ ಬರುವ ಜಿಮ್ ಡುಗ್ಗನ್ ಮತ್ತು ಅವನ ಪರಮ ವೈರಿ, ಇರಾನಿನ ಐರನ್ ಶೇಕ್! ರಿಂಗಿನಲ್ಲಿ ಒಬ್ಬರ ರಕ್ತ ಒಬ್ಬರು ಕುಡಿಯುವಂತಿದ್ದವರು ಒಂದೇ ಕಾರಿನಲ್ಲಿ ಜೊತೆಯಾಗಿ, ಮಾದಕವಸ್ತುವನ್ನೂ ಇಟ್ಟುಕೊಂಡು ಹೊರಟಿದ್ದರು. ಇಬ್ಬರನ್ನೂ ಕಂಪನಿ ಕೆಲಸದಿಂದ ತೆಗೆಯಿತು. ಮಾದಕವಸ್ತುವಿಗಿಂತ ಒಂದೇ ಕಾರಿನಲ್ಲಿ ಕೂತದ್ದೇ ದೊಡ್ಡ ಅಪರಾಧವಾಯಿತು ಎಂದು ಈಗಲೂ ತಮಾಷೆ ಮಾಡುವವರಿದ್ದಾರೆ. ಒಳಗಿನ ಒಪ್ಪಂದವನ್ನು ಹೊರಗಿನವರಿಗೆ ಬಿಟ್ಟುಕೊಡದೆ, ಬೀದಿಯಲ್ಲೂ ವೇಷ ಕಳಚದೆ ಇರುವ ಈ ಕಟ್ಟುಪಾಡಿಗೆ ಆ ವೃತ್ತಿಯವರು ಕೇಫೇಬ್ ಎನ್ನುತ್ತಾರೆ.

ಈ ಐರನ್ ಶೇಕ್ ಬಗ್ಗೆ ನಾಲ್ಕು ಮಾತು ಹೆಚ್ಚಿಗೆ ಹೇಳಲೇಬೇಕು. ಆ ಕಾಲದಲ್ಲಿ ಸ್ಕೂಲ್ ಬಸ್ಸಿನಲ್ಲಿ ನಮ್ಮ ಮಗನಿಗೆ ಬಿದ್ದ ಅಡ್ಡಹೆಸರು ಅದೇ. ಇರಾನ್ ಎಲ್ಲಿ, ಮೈಸೂರು ಎಲ್ಲಿ! ಕಂದು ಬಣ್ಣ, ಕಪ್ಪು ಕೂದಲು, ಅಷ್ಟು ಸಾಕಾಯಿತು. ಬೆನ್ನಿಗೆ ಗುದ್ದಿ "ಯು.ಎಸ್.ಎ., ಯು.ಎಸ್.ಎ." ಎಂದು ಕೂಗುತ್ತಿದ್ದರಂತೆ. ಅವನು ನಮಗೆ ಇದನ್ನು ಹೇಳಿದ್ದು ಎಷ್ಟೋ ವರ್ಷಗಳ ಮೇಲೆ. ವಾಸ್ತವವಾಗಿ ಆ ಮನುಷ್ಯ, ಖೋಸ್ರೋ ವಜೀರಿ, 1971ರಲ್ಲಿ ಇದೇ ಅಮೆರಿಕದ ಅಮೆಚೂರ್ ಕುಸ್ತಿಯಲ್ಲಿ ರಾಷ್ಟ್ರೀಯ ಚಾಂಪಿಯನ್ ಆಗಿದ್ದವನು, ಅಮೆರಿಕದ ಒಲಿಂಪಿಕ್ ತಂಡಕ್ಕೆ ಸಹಾಯಕ ಕೋಚ್ ಆಗಿದ್ದವನು. ನಿಜವಾದ ಕುಸ್ತಿಯಲ್ಲಿ ಅಮೆರಿಕದ ಸೇವೆ ಮಾಡಿದವನಿಗೆ ಸುಳ್ಳು ಕುಸ್ತಿಯಲ್ಲಿ ಅಮೆರಿಕದ ಶತ್ರುವಿನ ವೇಷ. ಹೊಟ್ಟೆಪಾಡು. ಆತ 2023ರಲ್ಲಿ ತೀರಿಕೊಂಡ ಸುದ್ದಿ ಬಂದಾಗ ನಮ್ಮ ಮಗನೇ ಫೋನ್ ಮಾಡಿ ತಿಳಿಸಿದ, ದನಿಯಲ್ಲಿ ದ್ವೇಷವಿರಲಿಲ್ಲ. ಮನರಂಜನೆ ಎಂದರೆ ಯಾರಿಗೂ ಪೆಟ್ಟಾಗುವುದಿಲ್ಲ ಎನ್ನುವವರು ಆ ಬಸ್ಸಿನಲ್ಲಿ ಒಂದು ದಿನ ಕೂತು ಬರಬೇಕಿತ್ತು.

ಎರಡನೆಯದು 1989ರ ಫೆಬ್ರುವರಿ. ಆಗ ಈ ಕುಸ್ತಿಯೂ ಬಾಕ್ಸಿಂಗಿನಂತೆ ರಾಜ್ಯದ ಕ್ರೀಡಾ ನಿಯಂತ್ರಣ ಮಂಡಳಿಯ ಕೆಳಗೆ ಬರುತ್ತಿತ್ತು. ಕುಸ್ತಿಪಟುವಿಗೆ, ರೆಫರಿಗೆ, ವ್ಯವಸ್ಥಾಪಕರಿಗೆ ಲೈಸೆನ್ಸ್ ಬೇಕು. ಪಂದ್ಯಕ್ಕೆ ಮುಂಚೆ ವೈದ್ಯರ ತಪಾಸಣೆ ಬೇಕು. ಟೀವಿ ಹಣದ ಮೇಲೆ ತೆರಿಗೆ ಬೇರೆ. ಈ ಕಾಟ ತಪ್ಪಿಸಿಕೊಳ್ಳಲು ವರ್ಲ್ಡ್ ರೆಸ್ಲಿಂಗ್ ಫೆಡರೇಷನ್ ಕಂಪನಿಯವರೇ ಬಂದು, ಸ್ವಾಮೀ, ನಮ್ಮದು ಸ್ಪರ್ಧೆಯಲ್ಲ, ಪ್ರೇಕ್ಷಕರ ಸಂತೋಷಕ್ಕೆ ಮಾಡುವ ಪ್ರದರ್ಶನ ಎಂದು ಒಪ್ಪಿಕೊಂಡರು. ನಲವತ್ತು, ಐವತ್ತು ವರ್ಷ ಬಾಯಿ ಬಿಡದಿದ್ದ ಗುಟ್ಟು! ಟೀವಿ ವರದಿಗಾರನೊಬ್ಬ "ಇದು ಸುಳ್ಳಲ್ಲವೇ?" ಎಂದು ಕೇಳಿದ್ದಕ್ಕೆ ಕುಸ್ತಿಪಟು ಕಪಾಳಕ್ಕೆ ಬಾರಿಸಿ ಆಗಿನ್ನೂ ಐದು ವರ್ಷವೂ ಆಗಿರಲಿಲ್ಲ. ನಮ್ಮ ಸೆನೆಟ್ 37ಕ್ಕೆ 1 ಮತದಿಂದ ಅವರ ಮಾತನ್ನು ಪುರಸ್ಕರಿಸಿತು. ಆ ಒಂದು ಮತ ಯಾರದೋ, ಪುಣ್ಯಾತ್ಮರು.

ಅಣ್ಣನಿಗೆ ಪತ್ರಿಕೆ ಓದಿ ಹೇಳಿದೆವು. ಗೆದ್ದ ಠೀವಿಯಿಂದ ಮೊಮ್ಮಗನ ಕಡೆ ನೋಡಿದರು. ಆಮೇಲೆ ಸ್ವಲ್ಪ ಹೊತ್ತು ಬಿಟ್ಟು ಕೇಳಿದರು: "ಹಾಗಾದ್ರೆ ಇನ್ಮೇಲೆ ಡಾಕ್ಟರು ಬರೋದಿಲ್ವೇನು?"

ಸಂಕ್ರಾಂತಿಯ ದಿನ ಅಷ್ಟು ಜನ ಅಷ್ಟು ಮಾತಾಡಿದರೂ ಈ ಪ್ರಶ್ನೆಯನ್ನು ಮಾತ್ರ ಯಾರೂ ಕೇಳಲಿಲ್ಲ. ಕ್ರೀಡೆಯೋ ಮನರಂಜನೆಯೋ ಎಂಬುದು ಹರಟೆಯ ವಿಷಯದಂತೆ ಕಾಣುತ್ತದೆ. ಕಾನೂನಿನ ಪುಸ್ತಕದಲ್ಲಿ ಅದು ಕತ್ತು ಮುರಿದರೆ ಯಾರ ಹೊಣೆ ಎಂಬ ವಿಷಯ.

1997ರ ಆಗಸ್ಟ್ 3ರಂದು ಮೆಡೋಲ್ಯಾಂಡ್ಸ್ ಅರೀನಾದಲ್ಲಿ, ಆಗಿನ ಹೆಸರು ಕಾಂಟಿನೆಂಟಲ್ ಏರ್‌ಲೈನ್ಸ್ ಅರೀನಾ, ಸಮ್ಮರ್‌ಸ್ಲ್ಯಾಮ್ ನಡೆಯಿತು. ಅಣ್ಣ ಊರಿಂದ ಬಂದಿದ್ದರು, ಮಗ ಕಾಲೇಜಿನಿಂದ ರಜಕ್ಕೆ ಬಂದಿದ್ದ, ನಾಲ್ವರೂ ಹೋದೆವು. ಟಿಕೆಟ್ಟಿನ ಬೆಲೆ ಅಣ್ಣನಿಗೆ ಹೇಳಲಿಲ್ಲ, ರೂಪಾಯಿಗೆ ಪರಿವರ್ತಿಸಿಬಿಡುತ್ತಿದ್ದರು. ಸ್ಟೀವ್ ಆಸ್ಟಿನ್ ಮತ್ತು ಓವೆನ್ ಹಾರ್ಟ್ ನಡುವೆ ಸೆಣಸು. ಆಸ್ಟಿನ್ ಸೋತರೆ ಒಂದು ಅಸಹ್ಯವಾದ ಪಣ ಇತ್ತು, ಸಂಘದ ಪತ್ರಿಕೆಯಲ್ಲಿ ಬರೆಯುವಂಥದ್ದಲ್ಲ. ನಡುವೆ ಓವೆನ್ ಅವನನ್ನು ತಲೆಕೆಳಗಾಗಿ ಎತ್ತಿ ಹಿಡಿದು, ಹಿಡಿದಂತೆಯೇ ಕುಕ್ಕರಿಸಿದ. ಎದುರಾಳಿಯ ತಲೆ ನೆಲಕ್ಕೆ ತಾಗದಂತೆ ತನ್ನ ತೊಡೆಗಳ ನಡುವೆ ಕಾಯ್ದುಕೊಳ್ಳುವುದೇ ಆ ಪಟ್ಟಿನ ಜಾಣ್ಮೆ. ಅವತ್ತು ತಲೆ ಕೆಳಗೇ ಇತ್ತು. ಆಸ್ಟಿನ್ ಅಲುಗಾಡಲಿಲ್ಲ.

ಸುತ್ತಲಿನ ಸಾವಿರಾರು ಜನ ಕೇಕೆ ಹಾಕುತ್ತಿದ್ದರು. ನಮಗೂ ಏನೂ ತಿಳಿಯಲಿಲ್ಲ. ಅಣ್ಣ ಮಾತ್ರ ಎದ್ದು ನಿಂತು, "ಅವನ ಕಾಲು ನೋಡ್ರೋ, ಇದು ನಾಟಕ ಅಲ್ಲ" ಎಂದರು. ಓವೆನ್ ರಿಂಗಿನ ತುಂಬ ಓಡಾಡಿ ಜನರನ್ನು ಹಂಗಿಸುತ್ತ ಕಾಲ ತಳ್ಳಿದ. ಒಳಗೆ ಎದೆ ಹೊಡೆದುಕೊಳ್ಳುತ್ತಿದ್ದಿರಬೇಕು. ಸ್ವಲ್ಪ ಹೊತ್ತಿನ ಮೇಲೆ ಆಸ್ಟಿನ್ ತೆವಳುತ್ತ ಬಂದು, ಹಿಂದಿನಿಂದ ಅವನನ್ನು ಹೇಗೋ ಉರುಳಿಸಿ ಮೇಲೊರಗಿದ. ರೆಫರಿ ಮೂರು ಎಣಿಸಿದ. ಆಸ್ಟಿನ್ ಗೆಲ್ಲಬೇಕೆಂದು ಬರೆದಿತ್ತು, ಗೆದ್ದ. ಕೈಕಾಲು ಸ್ವಾಧೀನವಿಲ್ಲದವನು ಗೆಲ್ಲುವಂತೆ, ಅವನನ್ನು ಆ ಸ್ಥಿತಿಗೆ ತಂದವನೇ ಸೋತುಕೊಟ್ಟ. ಇಂಥ ಗೆಲುವನ್ನು ನಾವು ಯಾವ ಕ್ರೀಡೆಯಲ್ಲೂ ನೋಡಿಲ್ಲ, ಯಾವ ನಾಟಕದಲ್ಲೂ ನೋಡಿಲ್ಲ. ಆಸ್ಟಿನ್ ಮುಂದೆ ಕತ್ತಿಗೆ ಶಸ್ತ್ರಚಿಕಿತ್ಸೆ ಮಾಡಿಸಿಕೊಂಡು ಮರಳಿದರೂ, 2003ರಲ್ಲಿ ಪೂರ್ಣಾವಧಿ ಕುಸ್ತಿ ಬಿಡಬೇಕಾಯಿತು.

ಓವೆನ್ ಹಾರ್ಟ್ ಅಷ್ಟು ಕಾಲವೂ ಉಳಿಯಲಿಲ್ಲ. 1999ರ ಮೇ 23ರಂದು ಕ್ಯಾನ್ಸಸ್ ಸಿಟಿಯಲ್ಲಿ ಕಟ್ಟಡದ ಸೂರಿನಿಂದ ಹಗ್ಗ ಹಿಡಿದು ಇಳಿಯುವ ಕೋಡಂಗಿ ವೇಷ ಅವನದು. ಕೊಂಡಿ ಬಿಚ್ಚಿಕೊಂಡಿತು, 34 ವರ್ಷದವನು ರಿಂಗಿನ ಮೇಲೆ ಬಿದ್ದು ಸತ್ತ. ಅವನನ್ನು ಹೊತ್ತೊಯ್ದ ಮೇಲೆ ಪ್ರದರ್ಶನ ಮುಂದುವರಿಯಿತು. ಅವನ ಪತ್ನಿ ನ್ಯಾಯಾಲಯಕ್ಕೆ ಹೋದ ಮೇಲೆ 2000ದಲ್ಲಿ 1 ಕೋಟಿ 80 ಲಕ್ಷ ಡಾಲರಿಗೆ ರಾಜಿಯಾಯಿತು. ಮೈಸೂರಿನಲ್ಲಿದ್ದ ಅಣ್ಣನಿಗೆ ಫೋನಿನಲ್ಲಿ ಸುದ್ದಿ ಹೇಳಿದಾಗ ಬಹಳ ಹೊತ್ತು ಮಾತಾಡಲಿಲ್ಲ. ಅವರಿಗೆ ಗೊತ್ತಿದ್ದ ವಜ್ರಮುಷ್ಟಿ ಕಾಳಗದಲ್ಲಿ, ವಿಜಯದಶಮಿಯಂದು ಅರಮನೆಯ ಅಂಗಳದಲ್ಲಿ, ಬೋಳಿಸಿದ ತಲೆಯಿಂದ ಒಂದು ತೊಟ್ಟು ರಕ್ತ ಕಂಡರೆ ಕಾಳಗ ನಿಂತುಬಿಡುತ್ತದೆ. ನಿಲ್ಲಿಸಲು ಒಬ್ಬರು ಇರುತ್ತಾರೆ.

ಈಗ ನಮ್ಮ ಅಭಿಪ್ರಾಯ ಹೇಳಿಬಿಡುತ್ತೇವೆ, ಒಪ್ಪದವರು ಮುಂದಿನ ಸಂಚಿಕೆಗೆ ಬರೆಯಲಿ. ಇದು ಕ್ರೀಡೆಯಲ್ಲ. ಗೆಲುವು ಸೋಲು ಕಚೇರಿಯಲ್ಲಿ ತೀರ್ಮಾನವಾಗುವುದನ್ನು ಕ್ರೀಡೆಯೆನ್ನಲು ನಮಗೆ ಮನಸ್ಸು ಬಾರದು. ಹಾಗೆಂದರೆ 1952ರ ಹೆಲ್ಸಿಂಕಿಯಲ್ಲಿ ಕಂಚು ತಂದ ಕೆ. ಡಿ. ಜಾಧವರಿಗೆ ಅನ್ಯಾಯ. ಇದು ನಾಟಕವೇ, ಒಳ್ಳೆಯ ನಾಟಕವೂ ಹೌದು. ಆದರೆ ನಾಟಕ, ಸಿನಿಮಾದವರಿಗೆ ಇಲ್ಲಿ ಗಟ್ಟಿಯಾದ ಸಂಘವಿದೆ. ಮಹಡಿಯಿಂದ ಹಾರುವ ಸ್ಟಂಟ್ ಕಲಾವಿದನೂ ಅದರ ಸದಸ್ಯ. ಕುಸ್ತಿಯವರಿಗೆ ಅದಿಲ್ಲ. ಕಂಪನಿಯ ಲೆಕ್ಕದಲ್ಲಿ ಅವರು ನೌಕರರೂ ಅಲ್ಲ, ಸ್ವತಂತ್ರ ಗುತ್ತಿಗೆದಾರರು. ಎಂಬತ್ತರ ದಶಕದಲ್ಲಿ ಜೆಸ್ಸಿ ವೆಂಚುರಾ ಒಂದು ಸಂಘ ಕಟ್ಟಲು ಹೊರಟು ಕೈಗೂಡಲಿಲ್ಲ. ಅದೇ ಮನುಷ್ಯ ಮುಂದೆ ಮಿನ್ನೆಸೋಟ ರಾಜ್ಯದ ಗವರ್ನರ್ ಆದ, ಅದು ಸುಲಭವಾಯಿತು! ಕ್ರೀಡೆಯವರ ಡಾಕ್ಟರೂ ಇಲ್ಲ, ಕಲಾವಿದರ ಸಂಘವೂ ಇಲ್ಲ. ಅತ್ತ ದರಿ, ಇತ್ತ ಪುಲಿ.

ಕಂಪನಿ ತಾನಾಗಿಯೇ ಕೆಲವು ಸುಧಾರಣೆ ಮಾಡಿಕೊಂಡಿದೆ, ಇಲ್ಲವೆನ್ನುವುದಿಲ್ಲ. 2006ರಿಂದ ಔಷಧ ತಪಾಸಣೆಯಿದೆ. ತಲೆಗೆ ಕುರ್ಚಿಯಿಂದ ಹೊಡೆಯುವುದನ್ನು 2010ರಲ್ಲಿ ನಿಲ್ಲಿಸಿದರು. ಆದರೆ ಕೊಟ್ಟವರೇ ಕಿತ್ತುಕೊಳ್ಳಬಹುದಾದದ್ದನ್ನು ರಕ್ಷಣೆ ಎನ್ನಲಾಗದು. 2023ರಲ್ಲಿ ಇದೇ ಕಂಪನಿಯೂ, ನಿಜವಾಗಿ ಬಡಿದಾಡುವ ಯು.ಎಫ್.ಸಿ.ಯೂ ಟಿ.ಕೆ.ಓ. ಎಂಬ ಒಂದೇ ಸೂರಿನಡಿ ಬಂದವು. ಯಜಮಾನರು ಒಬ್ಬರೇ. ನ್ಯೂಆರ್ಕಿನ ಪ್ರುಡೆನ್ಷಿಯಲ್ ಸೆಂಟರಿನಲ್ಲಿ ಯು.ಎಫ್.ಸಿ. ನಡೆದರೆ ರಾಜ್ಯದ ಮಂಡಳಿ ಪಕ್ಕದಲ್ಲಿ ಕೂರುತ್ತದೆ. ಅದೇ ಕಟ್ಟಡದಲ್ಲಿ ರೆಸ್ಲಿಂಗ್ ನಡೆದರೆ ಕಂಪನಿಯ ಡಾಕ್ಟರೇ ಗತಿ.

ನಮ್ಮ ಮೊಮ್ಮಗನಿಗೆ ಈಗ ಹನ್ನೊಂದು. 2025ರ ಜನವರಿಯಿಂದ ಸೋಮವಾರದ ಕುಸ್ತಿ ನೆಟ್‌ಫ್ಲಿಕ್ಸಿಗೆ ಬಂದಮೇಲೆ ಅವನನ್ನು ಹಿಡಿಯುವವರಿಲ್ಲ. ನಾವೂ ಪಕ್ಕದಲ್ಲಿ ಕೂತು ನೋಡುತ್ತೇವೆ. ಯಾರಿಗಾದರೂ ನಿಜವಾಗಿ ಪೆಟ್ಟಾದರೆ ರೆಫರಿ ಎರಡೂ ಕೈ ಎತ್ತಿ ಅಡ್ಡಡ್ಡ ಹಿಡಿಯುತ್ತಾನೆ, ಒಳಗಿನವರಿಗೆ ಅದೇ ಸನ್ನೆ, ಎಂದು ಅವನೇ ನಮಗೆ ಕಲಿಸಿಕೊಟ್ಟ. ಅಂದಿನಿಂದ ನಾವು ಕುಸ್ತಿಪಟುಗಳಿಗಿಂತ ಹೆಚ್ಚಾಗಿ ರೆಫರಿಯ ಕೈಗಳನ್ನೇ ನೋಡುತ್ತಿರುತ್ತೇವೆ.