ಬಿಳಿಗಿರಿಯ ಪೋಡುಗಳಿಗೆ ಹೋಗುವ ಮುನ್ನ

ಬೇಸಿಗೆಯ ರಜೆ ಬಂದಿತೆಂದರೆ ಕಾಲೇಜು ಓದುವ ನಮ್ಮ ಮಕ್ಕಳಲ್ಲಿ ಕೆಲವರು ಹಳ್ಳಿಗಾಡಿಗೆ ಹೋಗಿ, ತಿಂಗಳೆರಡು ತಿಂಗಳು ಅಲ್ಲಿಯೇ ಇದ್ದು, ಸಮುದಾಯದ ಕೆಲಸ ಕಲಿಯಬಯಸುತ್ತಾರೆ. 1969ರಲ್ಲಿ ಆರಂಭವಾದ ರಾಷ್ಟ್ರೀಯ ಸೇವಾ ಯೋಜನೆಯ ಏಳು ದಿನಗಳ ಶಿಬಿರವನ್ನು ಬಲ್ಲ ಮನೆಗಳಿಗೆ ಇದೂ ಅಂಥದೇ ಎನಿಸಬಹುದು. ಶಿಬಿರದಲ್ಲಿ ಸಹಪಾಠಿಗಳ ದಂಡೇ ಜೊತೆಗಿರುತ್ತದೆ. ಇಲ್ಲಿ ಇಬ್ಬರು ಮೂವರು ಅಪರಿಚಿತರ ನಡುವೆ ಬದುಕಬೇಕು. ಅಂಥದೊಂದು ತಂಡವನ್ನು ಅಣಿಗೊಳಿಸಲೆಂದು ಕಳೆದ ಚೈತ್ರದಲ್ಲಿ ನಾವು ಕೆಲವರು ಹಿರಿಯರು ವಿದ್ಯಾರ್ಥಿಗಳೊಡನೆ ಬಿಳಿಗಿರಿರಂಗನ ಬೆಟ್ಟಕ್ಕೆ ಹೋಗಿಬಂದೆವು.

ಯಳಂದೂರು ದಾಟಿದ ಮೇಲೆ ಬಯಲು ಹಿಂದುಳಿದು ಘಟ್ಟದ ತಿರುವುಗಳು ಮೊದಲಾಗುತ್ತವೆ. ಮೇಲೆ, ಬಿಳಿಯ ಬಂಡೆಯ ಅಂಚಿನಲ್ಲಿ ರಂಗನಾಥನ ಗುಡಿ. ಸ್ವಾಮಿಯು ತಮ್ಮ ಕುಲದ ಕುಸುಮಾಲೆಯನ್ನು ವರಿಸಿದನೆಂದು ಸೋಲಿಗರು ಆತನನ್ನು ಭಾವನೆಂದೇ ಕರೆಯುತ್ತಾರೆ. ಮಲೆಯ ಮಾದಪ್ಪನ ಮಗನಾದ ಕಾರಯ್ಯನು ತಮ್ಮ ಮೂಲಪುರುಷನೆಂದೂ ಹೇಳುತ್ತಾರೆ. ಮಾದಪ್ಪನ ಒಕ್ಕಲಾದ ನಮ್ಮ ಓದುಗರಿಗೆ ಈ ನಂಟು ಆಪ್ತವೆನಿಸೀತು.

1974ರಲ್ಲಿ ಈ ಕಾಡು ವನ್ಯಜೀವಿಧಾಮವಾದ ಮೇಲೆ ಸೋಲಿಗರ ಅಲೆದಾಟದ ಬೇಸಾಯ ನಿಂತು, ಅವರು ಪೋಡುಗಳಲ್ಲಿ ನೆಲೆನಿಂತರು. 1981ರಲ್ಲಿ ಡಾ. ಹೆಚ್. ಸುದರ್ಶನ್ ಅವರು ಇಲ್ಲಿ ವಿವೇಕಾನಂದ ಗಿರಿಜನ ಕಲ್ಯಾಣ ಕೇಂದ್ರವನ್ನು ಸ್ಥಾಪಿಸಿದರು. ವೈದ್ಯರ ಆ ಕಾರ್ಯ ಚಿಕಿತ್ಸೆಯಿಂದ ಶಾಲೆಗೂ ಜೀವನೋಪಾಯಕ್ಕೂ ಹಬ್ಬಿತು. 2011ರಲ್ಲಿ ಇದು ಹುಲಿ ಸಂರಕ್ಷಿತ ಪ್ರದೇಶವಾಯಿತು; ಅದೇ ವರ್ಷ, 2006ರ ಅರಣ್ಯ ಹಕ್ಕು ಕಾಯ್ದೆಯಡಿ ಇಲ್ಲಿನ ಹಲವು ಗ್ರಾಮಸಭೆಗಳಿಗೆ ಸಮುದಾಯದ ಹಕ್ಕುಗಳೂ ದೊರೆತವು.

ನಮ್ಮ ವಿದ್ಯಾರ್ಥಿಗಳು ಕಾಡ್ಗಿಚ್ಚಿನ ಕೇಡನ್ನು ಕುರಿತು ಒಂದು ಬೀದಿನಾಟಕವನ್ನು ಬರೆದು ತಂದಿದ್ದರು. ಪೋಡೊಂದರ ಜಗಲಿಯಲ್ಲಿ ಅದರ ಸಾರಾಂಶವನ್ನು ಕೇಳಿದ ವೃದ್ಧರೊಬ್ಬರು ನಕ್ಕು, "ಆಗ ನಾವೇ ತರಗು ಸುಡ್ತಿದ್ದೋ ಕೂಸು. ಅದು ನಿಂತಮೇಲೇ ಈ ಲಂಟಾನ ಎದ್ದದ್ದು" ಎಂದರು. ಬಿರುಬೇಸಿಗೆಗೆ ಮುಂಚೆ, ನೆಲದ ಒಣ ಎಲೆಯಷ್ಟೇ ಉರಿಯುವಂತೆ ಹಚ್ಚುತ್ತಿದ್ದ ಸಣ್ಣ ಬೆಂಕಿಯೇ ತರಗುಬೆಂಕಿ. ಅದು ಲಂಟಾನದ ಸಸಿಗಳನ್ನು ಸುಡುತ್ತಿತ್ತು, ನೆಲ್ಲಿಮರದ ಬಂದಳಿಕೆಯನ್ನು ಹತೋಟಿಯಲ್ಲಿಡುತ್ತಿತ್ತು ಎಂಬುದು ಸೋಲಿಗರ ಅನುಭವ. ಬೆಂಗಳೂರಿನ ಏಟ್ರೀ ಸಂಸ್ಥೆಯ ಸಂಶೋಧಕರು ಈ ಅರಿವನ್ನು ದಾಖಲಿಸಿದ್ದಾರೆ. ಬೇಸಿಗೆಯ ನಡುವೆ ಹಬ್ಬುವ ಕಿಚ್ಚು ಬೇರೆ, ಇದು ಬೇರೆ. ನಾಟಕದಲ್ಲಿ ಎರಡೂ ಒಂದೇ ಆಗಿದ್ದವು! ಪಟ್ಟಣದಿಂದ ಹೊರಡುವ ಮುನ್ನವೇ ಪಾಠ ಸಿದ್ಧವಾಗಿಬಿಟ್ಟರೆ ಹೀಗಾಗುತ್ತದೆ, ಸಿದ್ಧವಾಗಬೇಕಾದುದು ಪ್ರಶ್ನೆಗಳು.

ಹಾಗಾದರೆ ಏನನ್ನು ಕಲಿಸಿ ಕಳುಹಿಸಬೇಕು? ಪೋಡಿನವರ ಕೈಯಲ್ಲೇ ರಂಗೋಲಿಪುಡಿ ಕೊಟ್ಟು, ನೀರು, ದಾರಿ, ಮನೆ, ಗುಡಿಗಳ ನಕ್ಷೆಯನ್ನು ನೆಲದ ಮೇಲೆ ಬರೆಸುವ ಕ್ರಮವೊಂದಿದೆ. ಕರ್ನಾಟಕದಲ್ಲಿ ಮೈರಾಡ ಸಂಸ್ಥೆಯವರು ಇಂಥ ವಿಧಾನಗಳನ್ನು ಬಹಳ ಬಳಸಿದರು. ವಿದ್ಯಾರ್ಥಿ ಅದನ್ನು ಬಿಡಿಸಬಾರದು, ನೋಡುತ್ತ ಕುಳಿತಿರಬೇಕು. ಚುರುಕಾದ ಹುಡುಗರಿಗೆ ಇದೇ ಕಷ್ಟ. ಕೇಳದೆ ಫೋಟೋ ತೆಗೆಯಬಾರದು. ರಸ್ತೆ, ಮನೆ, ಸಾಲದ ಭರವಸೆ ಕೊಡಬಾರದು. ಸೋಲಿಗರಲ್ಲಿ ಕಂಡುಬರುವ ಕುಡಗೋಲು ಕಣದ ರಕ್ತಹೀನತೆಯಂಥ ವಿಷಯದಲ್ಲಿ ಯಾರ ಮನೆಯ ಗುಟ್ಟನ್ನೂ ಹೊರಗೆ ಆಡಬಾರದು. ಕತ್ತಲಾದ ಮೇಲೆ ನಡೆದಾಡಕೂಡದು, ಆನೆಗಳಿವೆ.

ಹೆಣ್ಣುಮಕ್ಕಳನ್ನು ಕಳುಹಿಸುವ ತಾಯಂದಿರ ಆತಂಕವನ್ನು ನಾವು ಹಗುರವಾಗಿ ಕಾಣಲಾರೆವು. ಮಲಗುವ ಮನೆ ಯಾವುದು, ಆ ಮನೆಯ ಹೆಂಗಸು ಯಾರು, ಜ್ವರ ಬಂದರೆ ವಾಹನವೆಲ್ಲಿ, ಫೋನು ಸಿಗುವ ಜಾಗ ಯಾವುದು ಎಂಬುದನ್ನು ಮುಂಚೆಯೇ ಕೇಳಿ ಬರೆದಿಟ್ಟುಕೊಂಡೆವು. ತಂಡದ ಹುಡುಗಿಯೊಬ್ಬಳ ತಾಯಿ ನಮ್ಮೊಡನೆಯೇ ಬಂದಿದ್ದರು. ಆಕೆ ಪೋಡಿನ ಮನೆಯವರೊಡನೆ ರಾಗಿಮುದ್ದೆ ಉಂಡು, ಒಂದು ಗಂಟೆ ಮಾತನಾಡಿ, "ಕಳಿಸ್ತೀನಿ" ಎಂದರು.

ಇಳಿಯುವ ಬಸ್ಸಿನಲ್ಲಿ ಬೀದಿನಾಟಕವನ್ನು ಕೈಬಿಡಲಾಯಿತು. ಮೊದಲ ವಾರ ಯಾವ ಕಾರ್ಯಕ್ರಮವನ್ನೂ ಇಟ್ಟುಕೊಳ್ಳದೆ ಪೋಡಿನವರ ಜೊತೆಗಿದ್ದು ಅವರ ದಿನಚರಿಯನ್ನು ಕಾಣುವುದೆಂದೂ, ಕಾಡಿನೊಳಗೆ ಹೋಗುವುದಾದರೆ ಅರಣ್ಯ ಇಲಾಖೆಯ ಅನುಮತಿಗೆ ಕೂಡಲೇ ಅರ್ಜಿ ಸಲ್ಲಿಸುವುದೆಂದೂ ನಿಶ್ಚಯವಾಯಿತು.