ಬೀಸು ಒಂದೇ, ಜಾಡು ಬೇರೆ

1
ಸಿಂದಗಿ ತಾಲ್ಲೂಕು, ಇಂಡಿ ಶಾಖಾ ಕಾಲುವೆ. ನಾರಾಯಣಪುರದಿಂದ ಬಂದ ನೀರು. ಸೇತುವೆ ಕೆಳಗೆ ಒಂದು ಮೀನು ಹರಿವಿಗೆ ಎದುರಾಗಿ ನಿಂತಿದೆ. ಬಾಲ ಆಡುತ್ತಿದೆ. ಮೀನು ಅಲ್ಲೇ ಇದೆ.

2
ನೀರು ಹೆಚ್ಚು ಬಿಟ್ಟ ದಿನ ಬಾಲ ಬೇಗ ಬೇಗ ಆಡುತ್ತದೆ. ಬೀಸಿನ ಅಗಲ ಮಾತ್ರ ಹೆಚ್ಚುಕಡಿಮೆ ಅಷ್ಟೇ: ಮೈಯುದ್ದದ ಐದರಲ್ಲೊಂದು ಪಾಲು.

3
ಸೇತುವೆಯ ಕಂಬ ಅಲ್ಲಾಡುವುದಿಲ್ಲ. ಅದರ ಹಿಂದೆಯೂ ಸುಳಿ: ಒಂದು ಎಡಕ್ಕೆ, ಒಂದು ಬಲಕ್ಕೆ. ಒಂದು ಹಿಡಿ ಜೋಳದ ಹೊಟ್ಟು ಚೆಲ್ಲಿದರೆ ಎರಡು ಸಾಲು ಕಾಣುತ್ತವೆ.

4
ಮುಂದಕ್ಕೆ ನೂಕುವ ಬಾಲದ ಹಿಂದೆಯೂ ಎರಡು ಸಾಲು. ಸುಳಿ ತಿರುಗುವ ದಿಕ್ಕು ಮಾತ್ರ ತಿರುವುಮುರುವು. ಕಂಬದ ಸಾಲುಗಳ ನಡುವೆ ನೀರು ನಿಧಾನ. ಬಾಲದ ಸಾಲುಗಳ ನಡುವೆ ಜೋರು.

5
ಲೆಕ್ಕ. ಬೀಸು 4 ಸೆಂ.ಮೀ. ಅಗಲ, ಸೆಕೆಂಡಿಗೆ 5 ಸಲ. ಹರಿವು ಸೆಕೆಂಡಿಗೆ 70 ಸೆಂ.ಮೀ. ಗುಣಿಸಿ ಭಾಗಿಸಿದರೆ ಸುಮಾರು 0.29. ಇದು ಸ್ಟ್ರೌಹಾಲ್ ಸಂಖ್ಯೆ. ಹರಿವು ಇಮ್ಮಡಿಯಾಗಿ ಬಾಲ ಹಾಗೇ ಆಡಿದರೆ 0.14.

6
2003ರಲ್ಲಿ ‘ನೇಚರ್’ ಪತ್ರಿಕೆಯಲ್ಲಿ ಬಂದ ಲೆಕ್ಕ: ಹಕ್ಕಿ, ಬಾವಲಿ, ಕೀಟ, ಮೀನು, ಡಾಲ್ಫಿನ್. ಆಯಾಸವಿಲ್ಲದೆ ಸಾಗುವಾಗ ಬಹುತೇಕ ಎಲ್ಲವೂ 0.2ರಿಂದ 0.4ರೊಳಗೆ.

7
ಪ್ರಯೋಗಶಾಲೆಯಲ್ಲಿ ಮೀನಿಲ್ಲ, ಪುಟ್ಟ ರೆಕ್ಕೆಯ ತುಂಡು. ಬೀಸು ಹಾಗೇ ಇಟ್ಟು ಹರಿವನ್ನಷ್ಟೇ ಇಳಿಸುತ್ತ ಹೋದರೆ:
ಮೊದಲು ಕಂಬದ ಸಾಲು.
ಆಮೇಲೆ ಎಲ್ಲ ಸುಳಿಗಳೂ ಒಂದೇ ಗೆರೆಯಲ್ಲಿ.
ಆಮೇಲೆ ಬಾಲದ ಸಾಲು.
ಆಮೇಲೆ ಇಡೀ ಜಾಡು ಒಂದು ಪಕ್ಕಕ್ಕೆ ವಾಲುತ್ತದೆ.

8
ಎಡಕ್ಕೋ, ಬಲಕ್ಕೋ? ಗಣಕದ ಲೆಕ್ಕದಲ್ಲಿ ಅದು ಮೊದಲ ಬೀಸು ಯಾವ ಕಡೆಗೆ ಎಂಬುದರ ಮೇಲೆ. ಪ್ರಯೋಗದಲ್ಲಿ ಕೆಲವೊಮ್ಮೆ ನಡುವೆಯೇ ಕಡೆ ಬದಲಾಗುತ್ತದೆ.

9
ಹರಿವೇ ಇಲ್ಲದಿದ್ದರೆ? ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಸಚಿನ್ ಶಿಂದೆ, ಜೈವಂತ್ ಅರಕೇರಿ ನಿಂತ ನೀರಿನಲ್ಲಿ ರೆಕ್ಕೆ ಆಡಿಸಿ ನೋಡಿದರು. 2013ರ ಬರಹ: ರೆಕ್ಕೆ ಹಿಂದಕ್ಕೆ ಚಿಮ್ಮಿಸಿದ ನೀರು ಒಂದು ದಿಕ್ಕು ಹಿಡಿಯದೆ ಅಲೆಯುತ್ತದೆ. 2014ರ ಬರಹ: ರೆಕ್ಕೆಯ ತುದಿಗೆ ಬಾಗುವ ತೆಳು ಹಾಳೆ ಅಂಟಿಸಿದರೆ ಅಲೆಯುವುದಿಲ್ಲ.

10
ಕರೆಂಟಿಲ್ಲದ ಮಧ್ಯಾಹ್ನ. ತೊಟ್ಟಿಲಿಗೆ ರಟ್ಟಿನಿಂದ ಗಾಳಿ ಹಾಕಿದೆ. ಆಯಿ ಅಂದಳು: ‘ರಟ್ಟು ಬಿಡು.’ ಸೆರಗಿನ ತುದಿ ಹಿಡಿದು ಬೀಸಿದಳು. ಕೈ ಹೋದ ಮೇಲೆ ಅಂಚು ಹೋಗುತ್ತದೆ. ಕೂಸಿನ ಹಣೆಯ ಕೂದಲು ಒಂದೇ ಕಡೆ ಹಾರಿತು.

11
ಕಾಲುವೆಗೆ ನೀರು ಬಂದ್ ಆಗಿದೆ. ತಗ್ಗಿನಲ್ಲಿ ನಿಂತ ನೀರು, ಅದರಲ್ಲೊಂದು ಮೀನು. ಬಾಲದ ಬುಡ ಮೊದಲು ತಿರುಗುತ್ತದೆ, ತುದಿ ಬಾಗಿ ಹಿಂದಿನಿಂದ ಬರುತ್ತದೆ.
ಮೀನು ನೇರ ಆಚೆ ದಡಕ್ಕೆ ಹೋಯಿತು.