ಬ್ಯಾಟರಿ ಗಾಡಿಯೂ ಅಡುಗೆ ಸೋಡವೂ

ಮಿಕ್ಸರ್ ಕೆಟ್ಟರೆ ನೀವೇನು ಮಾಡುತ್ತೀರಿ? ಮೊದಲು ಪ್ಲಗ್ ಸರಿಯಾಗಿ ಕೂತಿದೆಯೇ ನೋಡುತ್ತೀರಿ. ಆಮೇಲೆ ಅದರ ಅಡಿಯಲ್ಲಿರುವ ಕೆಂಪು ಗುಂಡಿ ಒತ್ತುತ್ತೀರಿ. ಅದಕ್ಕೂ ಬಗ್ಗದಿದ್ದರೆ ಮಾತ್ರ ರಿಪೇರಿ ಅಂಗಡಿಯ ದಾರಿ. ಇಷ್ಟು ತಿಳಿವಳಿಕೆ ನಮ್ಮೆಲ್ಲರಿಗೂ ಇದೆ, ಅಲ್ಲವೇ? ನಾನೀಗ ಹೇಳಹೊರಟಿರುವುದು ಮಿಕ್ಸರಿನ ಕಥೆಯಲ್ಲ, ನಾಲ್ಕು ಗಾಲಿಯ ಬ್ಯಾಟರಿ ಗಾಡಿಯ ಕಥೆ. ಆದರೆ ಕೊನೆಗೆ ಒದಗಿ ಬಂದದ್ದು ಆ ಮಿಕ್ಸರಿನ ಬುದ್ಧಿಯೇ.

ನಾವಿರುವುದು ದಾಂಡೇಲಿಯಲ್ಲಿ. ನನ್ನ ಮೈದುನ ಜೋಯಿಡಾ ಕಡೆ, ಗಣೇಶಗುಡಿ ಹಾದಿಯ ಬದಿಯ ತೋಟದಲ್ಲಿ ನಾಲ್ಕು ಕೋಣೆಯ ಹೋಮ್‌ಸ್ಟೇ ನಡೆಸುತ್ತಾನೆ. ಕಾಳಿ ನದಿಯಲ್ಲಿ ರ‍್ಯಾಫ್ಟಿಂಗ್ ಮಾಡಲು ಬರುವ ಮಂದಿಯೇ ಅವನ ಅತಿಥಿಗಳು. ಅತ್ತೆಯವರೂ ಅಲ್ಲೇ ಇರುತ್ತಾರೆ. ರಸ್ತೆಯಿಂದ ಮನೆಗೆ ಇಕ್ಕಟ್ಟಾದ ಏರುದಾರಿ. ಮಳೆಗಾಲದಲ್ಲಂತೂ ದೊಡ್ಡ ಕಾರು ಹತ್ತುವುದೇ ಇಲ್ಲ. ಹೀಗಾಗಿ ಆತ ಒಂದು ಹಳೆಯ ಗಾಲ್ಫ್ ಗಾಡಿ ಕೊಂಡು ತಂದ. ಹಂಪಿಯಲ್ಲಿ ವಿಠ್ಠಲ ದೇವಾಲಯಕ್ಕೆ ಕರೆದೊಯ್ಯುವ ಬ್ಯಾಟರಿ ಗಾಡಿಗಳನ್ನು ನೀವು ನೋಡಿರಬಹುದು. ಅದೇ ಜಾತಿಯದು, ಗಾತ್ರದಲ್ಲಿ ಚಿಕ್ಕದು. ಹಂಪಿಯಲ್ಲಿ ನಮ್ಮಂಥ ಹೆಣ್ಣುಮಕ್ಕಳೇ ಅದನ್ನು ಓಡಿಸುತ್ತಿದ್ದುದನ್ನು ಕಂಡು ನಾನು ಬೆರಗಾಗಿದ್ದೆ.

ಗಾಡಿ ಬಂತು, ಗೋಳೂ ಬಂತು. ಏರು ಹತ್ತುವಾಗ ನಡುವೆಯೇ ಉಸಿರುಕಟ್ಟಿ ನಿಲ್ಲುತ್ತಿತ್ತು. ಇಳಿಜಾರಿನಲ್ಲೋ, ಬಿಚ್ಚಿದ ಹೋರಿಯ ಹಾಗೆ ಓಟ. ಒಂದು ದಿನ ಅತ್ತೆಯವರನ್ನು ಕೂರಿಸಿಕೊಂಡು ಇಳಿಯುವಾಗ ಗಾಡಿ ಹಿಡಿತ ತಪ್ಪಿ ಮಣ್ಣಿನ ದಿಬ್ಬಕ್ಕೆ ಗುದ್ದಿತು. ದೇವರು ದೊಡ್ಡವನು, ಅವರ ಮುಂಗೈ ಊದಿತೇ ಹೊರತು ಮುರಿಯಲಿಲ್ಲ. ಆದರೆ ಮೂರು ವಾರದ ಪಟ್ಟಿ ಬಿಚ್ಚಿದ ಮೇಲೂ ಅವರ ಅಂಜಿಕೆ ಬಿಚ್ಚಲಿಲ್ಲ.

"ಇನ್ನ ನಾ ಉಳವಿಗೆ ಹೋಗೂದಿಲ್ಲವಾ. ಮೊಣಕಾಲು ಇಳಿಯಾಕ ಬಿಡೂದಿಲ್ಲ, ಆ ಗಾಡ್ಯಾಗ ನಾ ಕುಂಡ್ರೂದಿಲ್ಲ," ಅಂದುಬಿಟ್ಟರು. ಉಳವಿ ಚನ್ನಬಸವಣ್ಣನ ಜಾತ್ರೆಯನ್ನು ಅವರು ಮದುವೆಯಾಗಿ ಬಂದಾಗಿನಿಂದ ತಪ್ಪಿಸಿದವರಲ್ಲ. ಆ ಮಾತು ಕೇಳಿ ನನ್ನ ಹೊಟ್ಟೆಯಲ್ಲಿ ಚುರುಕ್ಕೆಂದಿತು.

ಗಾಡಿ ನೋಡಲು ಬಂದ ಮೇಸ್ತ್ರಿಯೊಬ್ಬ "ಮೋಟಾರ್ ಹೋಗೇತಿ, ಹೊಸಾದು ಹಾಕಬೇಕು" ಎಂದು ದೊಡ್ಡ ಮೊತ್ತ ಹೇಳಿ ಹೋದ. ಮೈದುನ ಗಾಡಿಯನ್ನು ಮಾರಿಬಿಡುವ ಯೋಚನೆಯಲ್ಲಿದ್ದ. ಅಷ್ಟರಲ್ಲಿ ಹಳಿಯಾಳದಿಂದ ನನ್ನ ಅಕ್ಕನ ಮಗ ರಜೆಗೆ ಬಂದ. ಡಿಪ್ಲೊಮಾ ಓದುವ ಹುಡುಗ. ಸೀಟು ಎತ್ತಿ ಒಳಗೆ ಇಣುಕಿದವನೇ, "ಮೌಶಿ, ಇದರ ಮೈ ಕೆಟ್ಟಿಲ್ಲ, ತಲಿಯೊಳಗಿನ ಲೆಕ್ಕ ನಮ್ಮ ಊರಿಂದಲ್ಲ ಅಷ್ಟ," ಅಂದ.

ಆ ತಲೆಗೆ ಕಂಟ್ರೋಲರ್ ಅಂತ ಹೆಸರು. ಅಲ್ಯೂಮಿನಿಯಂ ಡಬ್ಬಿಯಂತಿರುತ್ತದೆ. ನಾವು ಪೆಡಲ್ ಒತ್ತಿದಾಗ ಬ್ಯಾಟರಿಯ ಕರೆಂಟು ನೇರ ಮೋಟಾರಿಗೆ ಹೋಗುವುದಿಲ್ಲ. ಈ ಡಬ್ಬಿ ಅದನ್ನು ಸೆಕೆಂಡಿಗೆ ಸಾವಿರಾರು ಸಲ ಹಚ್ಚಿ ಆರಿಸಿ, ಬೇಕಾದಷ್ಟನ್ನೇ ಮುಂದಕ್ಕೆ ಬಿಡುತ್ತದೆ. ಎಷ್ಟು ವೇಗ, ಎಷ್ಟು ಜೋರಾಗಿ ಎಳೆಯಬೇಕು, ಪೆಡಲಿನಿಂದ ಕಾಲು ತೆಗೆದಾಗ ಎಷ್ಟು ಹಿಡಿದು ನಿಲ್ಲಿಸಬೇಕು, ಎಲ್ಲ ಅಂಕೆಗಳೂ ಅದರಲ್ಲಿ ಬರೆದಿರುತ್ತವೆ. ಕೆಲವು ಕಂಪನಿಗಳ ಕಂಟ್ರೋಲರಿನ ಅಂಕೆ ಬದಲಿಸಲು ಬೇರೆ ಕೈಯಂತ್ರವೇ ಬೇಕು. ಇನ್ನು ಕೆಲವಕ್ಕೆ ಕಂಪ್ಯೂಟರ್ ಜೋಡಿಸಿದರೆ ಸಾಕು. ನಮ್ಮದು ಎರಡನೆಯ ಜಾತಿಯದು.

ಕೆಲಸಕ್ಕೆ ಕೂರುವ ಮೊದಲು ಹುಡುಗ ನನಗೆ ಹೇಳಿದ ಮೊದಲ ಮಾತು, "ಮೌಶಿ, ಬಳಿ ತೆಗೀರಿ." ನಾನು ಗಾಬರಿಯಾದೆ. ಆರು ಬ್ಯಾಟರಿ, ತಲಾ 8 ವೋಲ್ಟ್, ಒಟ್ಟು 48. ಮುಟ್ಟಿದರೆ ಮನೆಯ ಕರೆಂಟಿನಂತೆ ಹೊಡೆಯದಿದ್ದರೂ, ಬಂಗಾರದ ಬಳೆಯೋ ಉಂಗುರವೋ ಎರಡು ತುದಿಗಳ ನಡುವೆ ತಾಗಿದರೆ ಕ್ಷಣದಲ್ಲಿ ಕೆಂಪಗೆ ಕಾಯುತ್ತದೆ, ಚರ್ಮ ಸುಡುತ್ತದೆ. ಬ್ಯಾಟರಿ ಚಾರ್ಜಾಗುವಾಗ ಹೊತ್ತಿಕೊಳ್ಳುವ ಅನಿಲವೂ ಬರುತ್ತದೆ. ಆಯುಧಪೂಜೆಗೆಂದು ಬಾನೆಟ್ಟಿನೊಳಗೆ ಊದುಬತ್ತಿ ಸಿಗಿಸುವವರು ಇದನ್ನು ನೆನಪಿಡಬೇಕು.

ಹಿಂದಿನ ಗಾಲಿಗಳನ್ನು ಜಾಕ್ ಕೊಟ್ಟು ನೆಲದಿಂದ ಎತ್ತಿದೆವು. ತಪ್ಪಿ ಗಾಲಿ ತಿರುಗಿದರೂ ಗಾಡಿ ನಮ್ಮ ಮೈಮೇಲೆ ಬರಬಾರದಲ್ಲ! ಆಮೇಲೆ ಲ್ಯಾಪ್‌ಟಾಪಿಗೆ ಕೇಬಲ್ ಜೋಡಣೆ. ಕಂಟ್ರೋಲರಿನ ಕಿಂಡಿ ಹಳೇ ಕಾಲದ ಒಂಬತ್ತು ಸೂಜಿಯದು. ಈಗಿನ ಲ್ಯಾಪ್‌ಟಾಪುಗಳಲ್ಲಿ ಅಂಥ ಕಿಂಡಿ ಇರುವುದಿಲ್ಲ. ಅದಕ್ಕೆ ಯುಎಸ್‌ಬಿ ಕಡೆಗೆ ತಿರುಗಿಸುವ ವಯರು ಅವನೇ ತಂದಿದ್ದ. ಆದರೂ ಪರದೆಯ ಮೇಲೆ "ಸಂಪರ್ಕವಿಲ್ಲ" ಎಂಬ ಅರ್ಥದ ಸಾಲೊಂದೇ. ಅರ್ಧ ಗಂಟೆ ಹುಡುಗ ಪೋರ್ಟಿನ ನಂಬರು ಬದಲಿಸಿದ, ಡ್ರೈವರ್ ಎಂಬುದನ್ನು ಮತ್ತೆ ಹಾಕಿದ, ಬೆವರೊರೆಸಿದ.

ನಾನು ಸುಮ್ಮನೆ ಕೇಳಿದೆ, "ಅಲ್ಲೋ, ಡಬ್ಬಿಗೆ ಕರೆಂಟರೆ ಐತೇನು?"

ಹುಡುಗ ನಾಲಿಗೆ ಕಚ್ಚಿಕೊಂಡ. ಸೀಟಿನ ಕೆಳಗೆ ಗಾಡಿಯನ್ನು ಎಳೆದೊಯ್ಯುವಾಗ ಬಳಸುವ ಸ್ವಿಚ್ಚು ಒಂದಿದೆ. ವಯರು ಹಚ್ಚುವಾಗ ಅದನ್ನು ಆರಿಸಿಡಬೇಕಾದ್ದು ಸರಿಯೇ, ಆದರೆ ಅಂಕೆ ಓದುವಾಗ ಹಾಕಬೇಕು. ಹಾಕಿದ್ದೇ ತಡ, ಪರದೆಯ ತುಂಬ ಅಂಕೆಗಳು ಬಂದು ಕೂತವು. ಮಿಕ್ಸರಿನ ಪ್ಲಗ್ ಅಂದೆನಲ್ಲ, ಇದೇ ನೋಡಿ!

ಅವನು ಬದಲಿಸಲು ಕೈ ಇಟ್ಟಾಗ ನಾನು ತಡೆದೆ. ಒಳಗಿನಿಂದ ನನ್ನ ಉಪ್ಪಿನಕಾಯಿ ಬರೆಯುವ ಪುಸ್ತಕ ತಂದು, ಅಪ್ಪೆಮಿಡಿಯ ಅಳತೆಯ ಹಿಂದಿನ ಪುಟದಲ್ಲಿ ಎಲ್ಲ ಹಳೆಯ ಅಂಕೆಗಳನ್ನೂ ಬರೆದುಕೊಂಡೆ. ಉಪ್ಪು, ಖಾರ, ಹುಳಿ ಮೂರನ್ನೂ ಒಮ್ಮೆಲೇ ಬದಲಿಸಿದರೆ ಕೆಟ್ಟದ್ದು ಯಾವುದರಿಂದ ಎಂದು ತಿಳಿಯುವುದು ಹೇಗೆ? ಒಂದೊಂದೇ ಬದಲಿಸು, ಪ್ರತಿ ಸಲ ನೋಡು ಎಂದೆ. "ಕಾಲೇಜಿನಾಗೂ ಹಿಂಗ ಹೇಳ್ತಾರ" ಎಂದು ನಕ್ಕ.

ಇಳಿಜಾರಿನ ಓಟಕ್ಕೆ ಕಾರಣ ಸಿಕ್ಕಿತು. ಸೈಕಲ್ಲಿಗೆ ಡೈನಮೋ ಒತ್ತಿದರೆ ಪೆಡಲ್ ಭಾರವಾಗುವುದು ನಿಮಗೆ ಗೊತ್ತು. ಹಾಗೇ ಇಳಿಯುವಾಗ ಈ ಮೋಟಾರೇ ಡೈನಮೋ ಆಗಿ ಗಾಡಿಯನ್ನು ಹಿಡಿಯುತ್ತದೆ, ಹುಟ್ಟಿದ ಕರೆಂಟು ಬ್ಯಾಟರಿಗೆ ಮರಳುತ್ತದೆ. ಸಪಾಟು ಹುಲ್ಲುಗಾವಲಿಗೆ ಹೊಂದಿಸಿದ್ದ ಆ ಹಿಡಿತದ ಅಂಕೆ ನಮ್ಮ ಗುಡ್ಡಕ್ಕೆ ಏನೇನೂ ಸಾಲದು. ಮೇಲಾಗಿ ನಮ್ಮ ಗಾಡಿಗೆ ಬ್ರೇಕು ಇರುವುದು ಹಿಂದಿನ ಗಾಲಿಗಳಿಗೆ ಮಾತ್ರ. ಹಿಡಿತವನ್ನು ಸ್ವಲ್ಪ ಸ್ವಲ್ಪವಾಗಿ ಏರಿಸುತ್ತ, ಪ್ರತಿ ಸಲವೂ ಖಾಲಿ ಗಾಡಿ ಇಳಿಸಿ ನೋಡಿದೆವು. ಆಮೇಲೆ ಅಕ್ಕಿ ಚೀಲ ಹೇರಿ ಇಳಿಸಿ ನೋಡಿದೆವು.

ಏರಿನಲ್ಲಿ ನಿಲ್ಲುವ ರೋಗ ಮಾತ್ರ ಅಂಕೆಯಿಂದ ಹೋಗಲಿಲ್ಲ. ಆಗ ನಾನೇ ಲ್ಯಾಪ್‌ಟಾಪನ್ನು ತೊಡೆಯ ಮೇಲಿಟ್ಟುಕೊಂಡು ಪಕ್ಕದಲ್ಲಿ ಕೂತೆ. ಹುಡುಗ ಓಡಿಸಿದ, ನಾನು ಓದಿದೆ: "ನಲವತ್ತೆಂಟು... ನಲವತ್ನಾಕು... ಮೂವತ್ತೊಂಬತ್ತು..." ಗಾಡಿ ನಿಂತಿತು. ಏರು ಬಂದ ಕೂಡಲೆ ಡಬ್ಬಿಗೆ ತಲುಪುವ ವೋಲ್ಟೇಜು ಕುಸಿಯುತ್ತಿತ್ತು. ಇಳಿದು ಬ್ಯಾಟರಿ ತುದಿಗಳ ಹತ್ತಿರ ಕೈ ಹಿಡಿದರೆ ಒಂದು ಕಡೆ ಮಾತ್ರ ಬಿಸಿ ಹಬೆ. ಅಲ್ಲಿ ಬಿಳಿ-ಹಸಿರು ಪುಡಿ ಗಟ್ಟಿಯಾಗಿ ಕೂತಿತ್ತು.

ಇದಕ್ಕೆ ಔಷಧ ನನ್ನ ಅಡುಗೆಮನೆಯಲ್ಲೇ ಇತ್ತು! ಎಲ್ಲ ಸಂಪರ್ಕ ತೆಗೆದು, ಕೈಚೀಲ ತೊಟ್ಟು, ಬೆಚ್ಚನೆ ನೀರಿಗೆ ಎರಡು ಚಮಚ ಅಡುಗೆ ಸೋಡ ಕಲಸಿ ಹಳೇ ಹಲ್ಲುಜ್ಜುವ ಬ್ರಷ್ಷಿನಿಂದ ತಿಕ್ಕಿದೆವು. ಬುರುಬುರು ನೊರೆ ಬಂತು. ಅದು ಸೋಡ ಆಮ್ಲವನ್ನು ಕೊಲ್ಲುವ ಗುರುತು. ಆದರೆ ಸೋಡದ ನೀರು ಬ್ಯಾಟರಿಯ ಒಳಗೆ ಒಂದು ಹನಿಯೂ ಇಳಿಯಬಾರದು, ಮುಚ್ಚಳ ಭದ್ರವಾಗಿರಬೇಕು. ಒರೆಸಿ ಒಣಗಿಸಿ, ತುದಿಗಳನ್ನು ಬಿಗಿ ಮಾಡಿ, ಮೇಲೆ ವ್ಯಾಸಲೀನು ಸವರಿದೆವು. ಮೇಸ್ತ್ರಿ ಹೇಳಿದ ಹೊಸ ಮೋಟಾರು ಬೇಕಾಗಲೇ ಇಲ್ಲ. ಗಾಡಿ ಗುಡ್ಡ ಹತ್ತಿತು.

ಆಗ ಹುಡುಗನಿಗೆ ಹುರುಪು ಬಂತು. "ಮೌಶಿ, ಸ್ಪೀಡು ನಲವತ್ತಕ್ಕ ಇಡೋಣ?" ಮೈದುನನೂ "ಇಡಲಿ ಬಿಡ್ರಿ ವೈನಿ, ಹುಡುಗ್ರು ಖುಷಿ ಪಡ್ತಾರ" ಅಂದ. ನಾನು ಪುಸ್ತಕ ಮುಚ್ಚಿ, "ಅತ್ತಿಯವರನ್ನ ಕುಂಡ್ರಿಸಿಕೊಂಡು ಇಳಿಯೂ ಗಾಡಿ ಇದು. ಹದಿನೈದರ ಮ್ಯಾಲ ಒಂದೂ ಬ್ಯಾಡ," ಎಂದೆ. ನಮ್ಮವರು ಅಲ್ಲೇ ಚಹಾ ಕುಡಿಯುತ್ತಿದ್ದರು. ಇಪ್ಪತ್ತು ವರ್ಷಗಳಲ್ಲಿ ಮೊದಲ ಸಲ ಒಂದು ಯಂತ್ರದ ವಿಷಯದಲ್ಲಿ "ಆಕಿ ಹೇಳಿದ್ದು ಬರೋಬರಿ ಐತಿ" ಅಂದರು. ಗಂಟೆಗೆ 15 ಕಿ.ಮೀ. ಎಂದೇ ಬರೆದಾಯಿತು.

ಇಂಥ ತಿದ್ದುಪಡಿ ದೊಡ್ಡ ಕಾರುಗಳಿಗೂ ಹೊಸದಲ್ಲ. ಬೆಂಗಳೂರಿನಲ್ಲಿ ತಯಾರಾಗಿ 2001ರಲ್ಲಿ ಮಾರಾಟಕ್ಕೆ ಬಂದ ರೇವಾ ಎಂಬ ಪುಟ್ಟ ವಿದ್ಯುತ್ ಕಾರೂ 48 ವೋಲ್ಟಿನ ಬ್ಯಾಟರಿಗಳ ಮೇಲೆಯೇ ಓಡುತ್ತಿತ್ತು; ಅದರಲ್ಲೂ ಇಂಥದೇ ಒಂದು ಡಬ್ಬಿ ಮೋಟಾರನ್ನು ಆಳುತ್ತಿತ್ತು. ಇಂದು ನಮ್ಮ ಬೀದಿಗಳಲ್ಲಿ ಓಡುವ ವಿದ್ಯುತ್ ಸ್ಕೂಟರು, ಆಟೋಗಳಿಗೂ ಇಂಥ ತಲೆ ಇದ್ದೇ ಇದೆ. ನಿಮ್ಮ ಮನೆಯ ಹುಡುಗರು ಅದರ ಅಂಕೆ ಬದಲಿಸಲು ಹೊರಟರೆ "ನನಗೇನು ತಿಳೀತದ" ಎಂದು ಒಳಗೆ ಹೋಗಬೇಡಿ. ಹತ್ತಿರ ಕೂತು, ಹಳೆಯದನ್ನು ಬರೆದಿಟ್ಟುಕೊಳ್ಳಿ. ವಾರಂಟಿ ಇರುವ ಗಾಡಿಯನ್ನು, ರಸ್ತೆಯ ನೋಂದಣಿ ಇರುವ ಗಾಡಿಯನ್ನು ಮುಟ್ಟಗೊಡಬೇಡಿ. ವೇಗ ಏರಿಸುವ ಮಾತು ಬಂದಾಗ ಬ್ರೇಕಿನ ಮಾತು ಮೊದಲು ಕೇಳಿ.

ಉಳವಿ ಜಾತ್ರೆಯ ಬೆಳಿಗ್ಗೆ ಅತ್ತೆಯವರನ್ನು ಬಹಳ ಹೊತ್ತು ಒಪ್ಪಿಸಬೇಕಾಯಿತು. "ನೀ ಹೊಡೀತಿದ್ರ ಬರ್ತೇನಿ" ಅಂದರು. ಸರಿ, ನಾನೇ ಕೂತೆ. ಇಳಿಜಾರು ಸುರುವಾದಾಗ ಅವರು ನನ್ನ ತೋಳನ್ನು ಎಷ್ಟು ಬಿಗಿಯಾಗಿ ಹಿಡಿದರೆಂದರೆ ಉಗುರು ನಾಟಿತು. ಪೆಡಲಿನಿಂದ ಕಾಲು ತೆಗೆದೆ. ಗಾಡಿ ಗುಂಯ್ ಎನ್ನುತ್ತ, ತುಂಬಿದ ಕೊಡ ಹೊತ್ತವಳ ಹಾಗೆ ನಿಧಾನ ಇಳಿಯಿತು. ಹಲಸಿನ ಮರದ ತಿರುವು ದಾಟಿದ ಮೇಲೆ ನೋಡುತ್ತೇನೆ, ನನ್ನ ತೋಳು ಬಿಟ್ಟು ಅವರು ಎರಡೂ ಕೈಯಿಂದ ಸೆರಗು ಸರಿಮಾಡಿಕೊಳ್ಳುತ್ತಿದ್ದರು.